ಡೊಮೇನೋ, ಮ್ಯಾಪೋ, ಜಾಹೀರಾತೋ? ಬಳ್ಳಾರಿ, ರಾಯಚೂರು, ಕೊಪ್ಪಳದ ವ್ಯಾಪಾರಿಗಳಿಗೊಂದು ಹೋಲಿಕೆ

ಬಳ್ಳಾರಿಯ ಜೀನ್ಸ್ ಘಟಕದವರು ಕೇಳುವುದೂ ಇದನ್ನೇ, ಆನೆಗೊಂದಿಯಲ್ಲಿ ಹೋಂಸ್ಟೇ ನಡೆಸುವವರು ಕೇಳುವುದೂ ಇದನ್ನೇ: "ಆನ್‌ಲೈನಿನಲ್ಲಿ ಕಾಣಿಸಿಕೊಳ್ಳಬೇಕು, ಕೈಯಲ್ಲಿ ಇಪ್ಪತ್ತು ಸಾವಿರವಿದೆ, ಮೊದಲು ಯಾವುದಕ್ಕೆ ಹಾಕಲಿ?" ಒಬ್ಬರು ವೆಬ್‌ಸೈಟ್ ಮಾಡಿಸಿ ಎನ್ನುತ್ತಾರೆ. ಇನ್ನೊಬ್ಬರು ಗೂಗಲ್ ಮ್ಯಾಪಿನಲ್ಲಿ ಹೆಸರಿದ್ದರೆ ಸಾಕು ಎನ್ನುತ್ತಾರೆ. ಮೂರನೆಯವರು ಫೋನ್ ಮಾಡಿ, ತಿಂಗಳಿಗೆ ಇಷ್ಟು ಕೊಟ್ಟರೆ ಮೊದಲ ಪುಟದಲ್ಲಿ ಮೊದಲ ಹೆಸರು ನಿಮ್ಮದೇ ಎಂದು ಆಣೆ ಮಾಡುತ್ತಾರೆ. ಈ ಮೂರನೆಯವರ ಫೋನನ್ನು ಈಗಲೇ ಇಟ್ಟುಬಿಡಬಹುದು. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಉಳಿದಿಬ್ಬರ ಮಾತಿನಲ್ಲಿ ಹುರುಳಿದೆ. ಆದರೆ ಯಾರಿಗೆ ಯಾವುದು ಎಂಬುದು ವ್ಯಾಪಾರದಿಂದ ವ್ಯಾಪಾರಕ್ಕೆ ಬದಲಾಗುತ್ತದೆ.

ಮೊದಲು ಅಳತೆಗೋಲು

ಆಯ್ಕೆಗಳನ್ನು ತೂಗುವ ಮುನ್ನ ನಿಮ್ಮ ಗ್ರಾಹಕ ಹುಡುಕಾಟದ ಪೆಟ್ಟಿಗೆಯಲ್ಲಿ ಏನು ಬರೆಯುತ್ತಾನೆ ಎಂದು ಯೋಚಿಸಿ. ನಿಮ್ಮ ಅಂಗಡಿಯ ಹೆಸರನ್ನೇ ಬರೆಯುವವನು ಒಬ್ಬ. ಅವನಿಗೆ ನೀವು ಗೊತ್ತು, ಫೋನ್ ನಂಬರೋ ದಾರಿಯೋ ಬೇಕು, ಅಷ್ಟೆ. ಊರನ್ನೂ ಕೆಲಸವನ್ನೂ ಬರೆಯುವವನು ಇನ್ನೊಬ್ಬ: ರಾಯಚೂರು ಕಣ್ಣಿನ ಆಸ್ಪತ್ರೆ, ಕೊಪ್ಪಳ ಟೈಲ್ಸ್ ಅಂಗಡಿ. ಮೂರನೆಯವನು ಸರಕಿನ ಹೆಸರು ಬರೆಯುತ್ತಾನೆ: ಜೀನ್ಸ್ ಸಗಟು ತಯಾರಕರು, ಸೋನಾ ಮಸೂರಿ ಅಕ್ಕಿ ಮಿಲ್. ಇವನು ಪುಣೆಯಲ್ಲಿರಬಹುದು, ಕೊಯಮತ್ತೂರಿನಲ್ಲಿರಬಹುದು. ಸರಕು ಹೊಂದಿದರೆ ಸಾಕು, ನಿಮ್ಮ ಊರು ಯಾವುದಾದರೇನು. ಈ ಮೂವರಲ್ಲಿ ನಿಮ್ಮ ಗಲ್ಲಾ ತುಂಬಿಸುವವನು ಯಾರು ಎಂದು ತಿಳಿದರೆ ಅರ್ಧ ತೀರ್ಮಾನ ಆದಂತೆಯೇ.

ಎರಡನೆಯದು, ಪಾಸ್‌ವರ್ಡ್ ಯಾರ ಬಳಿ ಇರುತ್ತದೆ ಎಂಬುದು. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ (ಮ್ಯಾಪಿನಲ್ಲಿ ಕಾಣುವ ಅಂಗಡಿಯ ವಿವರ) ಇದ್ದವರಿಗೆ ಉಚಿತವಾಗಿ ಪುಟ್ಟ ವೆಬ್‌ಸೈಟ್ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿತು, ಕೆಲವು ತಿಂಗಳು ಮ್ಯಾಪಿನ ಪುಟಕ್ಕೆ ದಾರಿ ತಿರುಗಿಸಿತು, ಜೂನ್ ನಂತರ ಅದೂ ನಿಂತಿತು. ಆ ವಿಳಾಸವನ್ನು ಚೀಲದ ಮೇಲೆ, ಬಿಲ್ ಪುಸ್ತಕದ ಮೇಲೆ ಅಚ್ಚು ಹಾಕಿಸಿದ್ದವರಿಗೆ ಉಳಿದದ್ದು ಹಳೆಯ ಚೀಲ ಮಾತ್ರ. ಉಚಿತವಾಗಿ ಸಿಗುವುದನ್ನು ಬಳಸಬಾರದು ಎಂದಲ್ಲ. ಬಳಸಿ, ಆದರೆ ಅದನ್ನು ಬೋರ್ಡಿನ ಮೇಲೆ ಬರೆಸಬೇಡಿ.

ಮೂರನೆಯದು ಎರಡನೆಯ ವರ್ಷದ ಖರ್ಚು. ಮೊದಲ ವರ್ಷದ ಬೆಲೆ ನೋಡಿ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಕೊಳ್ಳುವವರೇ ಹೆಚ್ಚು, ನವೀಕರಣದ ಬೆಲೆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ನಾಲ್ಕನೆಯದು, ಎಷ್ಟು ದಿನ ಕಾಯಬಲ್ಲಿರಿ ಎಂಬುದು. ಇನ್ನು ಐದನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಬಂದ ಕರೆಯನ್ನು ಎತ್ತುವವರು ಯಾರು? ಮಧ್ಯಾಹ್ನ ಫೋನ್ ಎತ್ತದ ಅಂಗಡಿಗೆ ಯಾವ ಹುಡುಕಾಟದ ಯಂತ್ರವೂ ಗ್ರಾಹಕರನ್ನು ತಂದುಕೊಡುವುದಿಲ್ಲ.

ವಿಳಾಸದ ಆಯ್ಕೆ

ಸ್ವಂತ ಡೊಮೇನ್ ಇಲ್ಲದೆಯೇ ನಡೆಸುವುದು ಮೊದಲ ದಾರಿ. ವಾಟ್ಸ್‌ಆ್ಯಪ್ ಬಿಸಿನೆಸ್ 2018ರಿಂದ ಉಚಿತವಾಗಿದೆ, ಅದರ ಕ್ಯಾಟಲಾಗಿನಲ್ಲಿ ಐದು ನೂರು ಸರಕುಗಳನ್ನು ಫೋಟೊ, ಬೆಲೆ ಸಮೇತ ಇಡಬಹುದು. ಪರಿಚಯದವರಿಗೆ ಮಾರುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕೊರತೆ ಒಂದೇ: ಅಪರಿಚಿತ ಹುಡುಕುವಾಗ ಆ ಕ್ಯಾಟಲಾಗ್ ಅವನ ಕಣ್ಣಿಗೆ ಬೀಳುವುದಿಲ್ಲ. ಇನ್‌ಸ್ಟಾಗ್ರಾಂ ಈ ವಿಷಯದಲ್ಲಿ ಸ್ವಲ್ಪ ಮುಂದೆ ಬಂದಿದೆ. 2025ರ ಜುಲೈನಿಂದ ವೃತ್ತಿಪರ ಖಾತೆಗಳ ಸಾರ್ವಜನಿಕ ಫೋಟೊ, ವಿಡಿಯೊಗಳು ಗೂಗಲ್ ಹುಡುಕಾಟದಲ್ಲಿ ಬರಲು ಅವಕಾಶವಾಗಿದೆ.

ಉಚಿತ ಉಪ-ವಿಳಾಸ ಎರಡನೆಯದು, ಅಂದರೆ ಬ್ಲಾಗರ್, ವರ್ಡ್‌ಪ್ರೆಸ್ ಮುಂತಾದ ಕಡೆ ನಿಮ್ಮ ಹೆಸರಿನ ಹಿಂದೆ ಅವರ ಹೆಸರೂ ಅಂಟಿಕೊಂಡಿರುವುದು. ಕಲಿಯುವುದಕ್ಕೆ ಸರಿ. ಡಾಟ್ ಟಿಕೆ, ಡಾಟ್ ಎಂಎಲ್ ಎಂಬ ಪುಕ್ಕಟೆ ಡೊಮೇನುಗಳನ್ನು ನಂಬಿದ್ದವರ ಕಥೆಯೂ ಮುಗಿಯಿತು. ಅವನ್ನು ಹಂಚುತ್ತಿದ್ದ ಫ್ರೀನಾಮ್ 2023ರಲ್ಲಿ ಹೊಸ ನೋಂದಣಿ ನಿಲ್ಲಿಸಿ, ಮರುವರ್ಷ ಆ ವ್ಯವಹಾರದಿಂದಲೇ ಹೊರಬಂತು.

ನಿಜವಾದ ಪೈಪೋಟಿ ಇರುವುದು ಡಾಟ್ ಕಾಂ ಮತ್ತು ಡಾಟ್ ಇನ್ ನಡುವೆ. ಡಾಟ್ ಕಾಂಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಅಥವಾ ಇನ್ನೂ ತುಸು ಹೆಚ್ಚು ಎಂದಿಟ್ಟುಕೊಳ್ಳಿ; ಡಾಟ್ ಇನ್ ಸಾಮಾನ್ಯವಾಗಿ ಅದಕ್ಕಿಂತ ಅಗ್ಗ. ಡಾಟ್ ಇನ್ ಭಾರತದ ದೇಶಸಂಕೇತ. ನಿಕ್ಸಿ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ, 2005ರಿಂದ ಎಲ್ಲರಿಗೂ ಮುಕ್ತವಾಗಿದೆ. ದೇಶಸಂಕೇತದ ಡೊಮೇನನ್ನು ಗೂಗಲ್ ಆ ದೇಶದ ಹುಡುಕಾಟಕ್ಕೆ ಸಂಬಂಧಿಸಿದ್ದು ಎಂದು ಗುರುತಿಸುತ್ತದೆ. ಹಾಗಾಗಿ ಬಳ್ಳಾರಿಯಿಂದ ಬೆಳಗಾವಿಯವರೆಗೆ ಮಾರುವವರಿಗೆ ಡಾಟ್ ಇನ್‌ನಿಂದ ನಷ್ಟವೇನೂ ಇಲ್ಲ. ಹೊರದೇಶಕ್ಕೆ ಕಳಿಸುವವರಿಗೆ ಮಾತ್ರ ನಾನು ಡಾಟ್ ಕಾಂ ಎನ್ನುತ್ತೇನೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲನ್ನು ಹಸನು ಮಾಡಿ ಕಳಿಸುವ ಉದ್ಯಮವಿದೆ. ಅಲ್ಲಿನವರು ಡಾಟ್ ಇನ್ ಹಿಡಿದು ವಿದೇಶಿ ಖರೀದಿದಾರನಿಗೆ ವಿವರಿಸುತ್ತ ಕೂರಬೇಕಿಲ್ಲ. ಎರಡೂ ಸಿಗುವುದಾದರೆ ಎರಡನ್ನೂ ಕೊಂಡು, ಒಂದನ್ನು ಇನ್ನೊಂದಕ್ಕೆ ತಿರುಗಿಸಿ. ವರ್ಷಕ್ಕೆ ಎರಡು ಸಾವಿರದ ಆಸುಪಾಸಿನಲ್ಲಿ ಮುಗಿಯುವ ಕೆಲಸವದು.

ಡಾಟ್ ಸ್ಟೋರ್, ಡಾಟ್ ಆನ್‌ಲೈನ್, ಡಾಟ್ ಶಾಪ್ ಇವುಗಳ ಮೊದಲ ವರ್ಷದ ಬೆಲೆ ನೂರಿನ್ನೂರು ಎಂದು ಕಾಣುತ್ತದೆ, ನವೀಕರಣಕ್ಕೆ ಸಾವಿರಗಳಲ್ಲಿ ಕೇಳುತ್ತಾರೆ. ಬೆಲೆ ಇರಲಿ, ಫೋನಿನಲ್ಲಿ ಹೇಳಿದಾಗ ಕೇಳಿದವರು ಕೊನೆಗೊಂದು ಡಾಟ್ ಕಾಂ ಸೇರಿಸಿಯೇ ಬರೆದುಕೊಳ್ಳುತ್ತಾರೆ. ನನ್ನ ಮತ ಇವಕ್ಕಿಲ್ಲ.

ಕನ್ನಡ ಲಿಪಿಯ ಡಾಟ್ ಭಾರತ ಇದೆ ಎಂಬುದು ಬಹಳ ಮಂದಿಗೆ ತಿಳಿಯದು. ಹೆಸರನ್ನೂ ಕನ್ನಡದಲ್ಲೇ, ಚುಕ್ಕಿಯ ನಂತರದ ಭಾಗವನ್ನೂ ಕನ್ನಡದಲ್ಲೇ ಬರೆಯಬಹುದು. ಬ್ರೌಸರಿನಲ್ಲಿ ಚೆನ್ನಾಗಿ ತೆರೆಯುತ್ತದೆ. ಆದರೆ ಒಳಗೆ ಅದು 'ಎಕ್ಸ್ಎನ್' ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸರಪಳಿಯಾಗಿ ಬದಲಾಗುತ್ತದೆ. ನಕಲು ಮಾಡಿ ಅಂಟಿಸಿದರೆ ಕೆಲವೆಡೆ ಆ ಸರಪಳಿಯೇ ಕಾಣಿಸಿಕೊಂಡು, ಇದೇನೋ ಮೋಸದ ಲಿಂಕ್ ಎಂದು ನೋಡಿದವರು ಹೆದರುತ್ತಾರೆ. ಕನ್ನಡ ವಿಳಾಸದ ಇಮೇಲನ್ನು ಎಷ್ಟೋ ಅರ್ಜಿ ನಮೂನೆಗಳು ಇನ್ನೂ ಒಪ್ಪುವುದಿಲ್ಲ. ಕನ್ನಡ ಓದುಗರಿಗೇ ಇರುವ ಪ್ರಕಾಶನ, ಸಂಘಸಂಸ್ಥೆ, ಗೊಂಬೆ ಕಲಾವಿದರ ಪುಟ ಇಂಥವಕ್ಕೆ ಎರಡನೆಯ ವಿಳಾಸವಾಗಿ ಇಟ್ಟುಕೊಳ್ಳಲು ಚಂದ. ಒಂದೇ ಡೊಮೇನ್ ಕೊಳ್ಳುವ ಶಕ್ತಿ ಇದ್ದರೆ ಇದು ಬೇಡ.

ಹೆಸರು, ಕಾಗುಣಿತ, ಊರು

ನಮ್ಮ ಮೂರು ಜಿಲ್ಲೆಗಳಲ್ಲಿ ಡೊಮೇನಿನ ಹೆಸರು ಆರಿಸುವಾಗ ಒಂದು ತೊಡಕಿದೆ. 2014ರ ನವೆಂಬರ್ 1ರಂದು ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು. ಮೊದಲು 'ಬಿ, ಇ' ಎಂದು ಶುರುವಾಗಿ 'ವೈ'ಯಿಂದ ಮುಗಿಯುತ್ತಿದ್ದುದು ಈಗ 'ಬಿ, ಎ' ಎಂದು ಶುರುವಾಗಿ 'ಐ'ನಿಂದ ಮುಗಿಯುತ್ತದೆ. ಸರ್ಕಾರಿ ಕಾಗದ ಬದಲಾಯಿತು, ಆದರೆ ಹೊರರಾಜ್ಯದ ಜೀನ್ಸ್ ಖರೀದಿದಾರನ ಬೆರಳಿಗೆ ಹಳೆಯದೇ ರೂಢಿ. ಕೊಪ್ಪಳದ ಕಡೆ ಬಂದರೆ ಕಿನ್ನಾಳಕ್ಕೆ ಇಂಗ್ಲಿಷಿನಲ್ಲಿ ಎರಡು ಬಗೆಯ ಬರಹ, ಗಂಗಾವತಿಗೆ ಎರಡು, ಆನೆಗೊಂದಿಗೆ ಎರಡು. ಹುಡುಕಾಟದ ಯಂತ್ರ ಈ ವ್ಯತ್ಯಾಸವನ್ನು ಬಹುಮಟ್ಟಿಗೆ ಹೊಂದಿಸಿಕೊಳ್ಳುತ್ತದೆ: ಯಾವ ಕಾಗುಣಿತದಲ್ಲಿ ಕೇಳಿದರೂ ಅದೇ ಊರು ಎಂದು ಅದಕ್ಕೆ ಗೊತ್ತು. ಡೊಮೇನ್ ಹಾಗಲ್ಲ. ಒಂದಕ್ಷರ ತಪ್ಪಿದರೂ ಗ್ರಾಹಕ ಇನ್ನೆಲ್ಲೋ ಹೋಗಿ ಬೀಳುತ್ತಾನೆ.

ಆದ್ದರಿಂದ ಊರಿನ ಹೆಸರು ಪುಟದ ಬರಹದಲ್ಲಿ ಇರಲಿ, ಡೊಮೇನಿನಲ್ಲಿ ಬೇಡ. ಊರೇ ಸರಕಿನ ಹೆಸರಾಗಿದ್ದರೆ ಮಾತು ಬೇರೆ. ಬಳ್ಳಾರಿ ಜೀನ್ಸ್, ಕಿನ್ನಾಳ ಗೊಂಬೆ ಇಂಥವರು ಎರಡೂ ಕಾಗುಣಿತದ ಡೊಮೇನುಗಳನ್ನು ಕೊಂಡು ಒಂದಕ್ಕೆ ಜೋಡಿಸಬೇಕು. ಅಲ್ಲಿಗೂ ಒಂದು ಭ್ರಮೆ ಬಿಡಬೇಕು. ಸರಕಿನ ಹೆಸರನ್ನೇ ಡೊಮೇನ್ ಮಾಡಿಕೊಂಡರೆ ಗೂಗಲ್ ತಾನಾಗಿ ಮೇಲೆ ಕೂರಿಸುತ್ತದೆ ಎಂಬ ಕಾಲ 2012ಕ್ಕೆ ಮುಗಿದಿದೆ. ಆ ವರ್ಷದ ಸೆಪ್ಟೆಂಬರಿನಲ್ಲಿ, ಹುಡುಕುವ ಪದವನ್ನೇ ಹೆಸರಾಗಿ ಹೊತ್ತ ಟೊಳ್ಳು ತಾಣಗಳನ್ನು ಕೆಳಗೆ ತಳ್ಳುವ ಬದಲಾವಣೆಯನ್ನು ಗೂಗಲ್ ತಂದಿತು. ಈಗ ಡೊಮೇನಿನ ಕೆಲಸ ನೆನಪಿನಲ್ಲಿ ಉಳಿಯುವುದು, ನಂಬಿಕೆ ಹುಟ್ಟಿಸುವುದು, ಅಷ್ಟೆ.

ಆನೆಗೊಂದಿ, ಸಣಾಪುರದ ಕಡೆಯ ಹೋಂಸ್ಟೇಗಳಿಗೆ ಇನ್ನೊಂದು ಸೆಳೆತ: ಪ್ರವಾಸಿ ಹುಡುಕುವುದು ಹಂಪಿ ಎಂದು, ಆದ್ದರಿಂದ ಹೆಸರಿನಲ್ಲೇ ಹಂಪಿ ಇಟ್ಟುಬಿಡೋಣ ಎಂಬುದು. ತುಂಗಭದ್ರೆ ನಡುವೆ ಇದೆ. ದೋಣಿಯಲ್ಲಿ ದಾಟಿದರೆ ಹತ್ತಿರ, ರಸ್ತೆಯಲ್ಲಿ ಬಂದರೆ ಸುತ್ತು. ಹೊಸಪೇಟೆಯಲ್ಲಿ ರೈಲಿಳಿದು ಹಂಪಿ ಬಜಾರಿನಲ್ಲಿ ಲಗೇಜು ಹಿಡಿದು ನಿಂತು, ನಿಮ್ಮ ಮನೆ ಆಚೆ ದಡದಲ್ಲಿದೆ ಎಂದು ಆಗ ತಿಳಿದ ಅತಿಥಿ ವಿಮರ್ಶೆ ಬರೆಯದೆ ಬಿಡುವುದಿಲ್ಲ. ಹಂಪಿ ಎಂಬ ಪದ ಪುಟದ ಒಳಗೆ ಬರಲಿ: 'ಹಂಪಿಯಿಂದ ನದಿಯಾಚೆ, ಆನೆಗೊಂದಿಯಲ್ಲಿ, ರಸ್ತೆಯ ದಾರಿ ಹೀಗೆ' ಎಂದು. ಹುಡುಕಾಟದಲ್ಲೂ ಬರುತ್ತೀರಿ, ಬಯ್ಗುಳವೂ ತಪ್ಪುತ್ತದೆ.

ಹೆಸರಿನಲ್ಲಿ ಅಂಕಿ, ಅಡ್ಡಗೆರೆ ಬೇಡ. ದೊಡ್ಡ ಜೀನ್ಸ್ ಬ್ರ್ಯಾಂಡುಗಳ ಹೆಸರನ್ನು ಸೇರಿಸುವ ಜಾಣತನವಂತೂ ಬೇಡವೇ ಬೇಡ. ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಎಂಬ ವ್ಯಾಜ್ಯ ನಿಯಮವಿದೆ, ಡಾಟ್ ಕಾಂಗೆ 1999ರಿಂದ ಯುಡಿಆರ್‌ಪಿ ಇದೆ, ಟ್ರೇಡ್‌ಮಾರ್ಕ್ ಉಳ್ಳವರು ಡೊಮೇನನ್ನು ನಿಮ್ಮಿಂದ ಕಿತ್ತುಕೊಳ್ಳಬಹುದು.

ಹುಡುಕಾಟದಲ್ಲಿ ಸಿಗುವ ನಾಲ್ಕು ದಾರಿ

ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಜನರ ಬಾಯಲ್ಲಿ 'ಮ್ಯಾಪಿಗೆ ಹಾಕುವುದು', ಇದು ಪೂರಾ ಉಚಿತ. ಪರಿಶೀಲನೆಗೆ ಹಣ ಕೊಡಿ ಎಂದು ಕರೆ ಬಂದರೆ ಅದು ಮೋಸ. ಊರು ಮತ್ತು ಕೆಲಸ ಬರೆದು ಹುಡುಕುವ ಗ್ರಾಹಕನಿಗೆ ಮೊದಲು ಕಾಣುವುದು ಮ್ಯಾಪಿನ ಜೊತೆಗಿರುವ ಮೂರ್ನಾಲ್ಕು ಹೆಸರು. ಆ ಪಟ್ಟಿಗೆ ಗೂಗಲ್ ಮೂರು ಆಧಾರ ಹೇಳುತ್ತದೆ: ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಹೆಸರುವಾಸಿ. ದೂರ ನಿಮ್ಮ ಕೈಯಲ್ಲಿಲ್ಲ. ತೀನ್ ಕಂದೀಲ್ ಬಳಿ ನಿಂತು ಹುಡುಕಿದವನಿಗೆ ರಾಯಚೂರಿನ ಹೊರವಲಯದ ಅಂಗಡಿ ತಡವಾಗಿಯೇ ಕಾಣುತ್ತದೆ. ಉಳಿದೆರಡು ನಿಮ್ಮ ಶ್ರಮದ ಮೇಲಿವೆ: ಸರಿಯಾದ ವರ್ಗ, ಸರಿಯಾದ ವೇಳೆ, ನಿಜವಾದ ಫೋಟೊ, ವಿಮರ್ಶೆಗಳಿಗೆ ಉತ್ತರ.

ಪರಿಶೀಲನೆ ಈಗ ಹೆಚ್ಚಾಗಿ ವಿಡಿಯೊದಿಂದ ನಡೆಯುತ್ತದೆ. ಒಂದೇ ಓಟದಲ್ಲಿ, ಕತ್ತರಿಸದೆ ತೆಗೆಯಬೇಕು. ರಸ್ತೆಯಿಂದ ಆರಂಭಿಸಿ, ಪಕ್ಕದ ಅಂಗಡಿಯ ಬೋರ್ಡೋ ವೃತ್ತದ ಹೆಸರೋ ಕಾಣಲಿ. ನಂತರ ನಿಮ್ಮ ಬೋರ್ಡು. ಆಮೇಲೆ ಕೀಲಿ ತೆಗೆದು ಶಟರ್ ಎತ್ತುವುದು, ಒಳಗೆ ಹೊಲಿಗೆ ಯಂತ್ರಗಳ ಸಾಲು, ಕತ್ತರಿಸುವ ಮೇಜು, ಬಂಡಲ್ ಕಟ್ಟಿದ ಸರಕು, ಗಲ್ಲಾದ ಮೇಲೆ ನಿಮ್ಮದೇ ಹೆಸರಿನ ಬಿಲ್ ಪುಸ್ತಕ. ಕೇಳುವುದು ಮೂರೇ ಸಂಗತಿ: ಜಾಗ ಇರುವುದು ಇಲ್ಲೇ, ವ್ಯಾಪಾರ ನಿಜ, ನಡೆಸುವವರು ನೀವೇ. ಬೋರ್ಡ್ ಇಲ್ಲದ ಘಟಕಗಳು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಕೆಲವು ಸಾವಿರಕ್ಕೆ ಒಂದು ಬೋರ್ಡ್ ಬರೆಸುವುದು ಆಗ ಯಾವ ಜಾಹೀರಾತಿಗಿಂತಲೂ ಲಾಭ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರನ್ನಷ್ಟೇ ಬರೆಯಿರಿ. 'ಬಳ್ಳಾರಿಯ ಅತ್ಯುತ್ತಮ ಅಗ್ಗದ ಸಗಟು' ಎಂದು ಬಾಲ ಅಂಟಿಸಿದರೆ ಪ್ರೊಫೈಲ್ ಅಮಾನತಾಗಬಹುದು. ವಿಮರ್ಶೆ ಬರೆಯಿರಿ ಎಂದು ಗ್ರಾಹಕರನ್ನು ಕೇಳಬಹುದು, ಬರೆದವರಿಗೆ ರಿಯಾಯಿತಿ ಕೊಡುವಂತಿಲ್ಲ.

ಇನ್ನೊಂದು ಮಿತಿ: ಗ್ರಾಹಕರನ್ನು ಎದುರುಬದುರು ಕಾಣದ, ಬರೀ ಆನ್‌ಲೈನ್ ವ್ಯಾಪಾರಕ್ಕೆ ಈ ಪ್ರೊಫೈಲ್ ಸಿಗುವುದಿಲ್ಲ.

ಸ್ವಂತ ವೆಬ್‌ಸೈಟಿನ ಮೂಲಕ ಹುಡುಕಾಟದಲ್ಲಿ ಬರುವುದು ಎರಡನೆಯ ದಾರಿ. ಕ್ಲಿಕ್ಕಿಗೆ ಹಣವಿಲ್ಲ, ಆದರೆ ಕಾಲ ಬೇಕು. ಗೂಗಲ್ ಮೊದಲು ಪುಟವನ್ನು ಕಂಡುಹಿಡಿಯಬೇಕು, ಆಮೇಲೆ ತನ್ನ ಸೂಚಿಗೆ ಸೇರಿಸಬೇಕು, ಕೊನೆಗೆ ಸ್ಥಾನ ಕೊಡಬೇಕು. ಹೊಸ ಡೊಮೇನಿಗೆ ತಿಂಗಳುಗಳೇ ಬೇಕಾಗಬಹುದು ಎಂದುಕೊಂಡೇ ಹೊರಡಿ. ಗೂಗಲ್ಲಿನದೇ ಸರ್ಚ್ ಕನ್ಸೋಲ್ ಎಂಬ ಸಲಕರಣೆ ಉಚಿತವಾಗಿದೆ. ಯಾವ ಪದ ಬರೆದವರಿಗೆ ನಿಮ್ಮ ಪುಟ ಕಂಡಿತು, ಎಷ್ಟು ಮಂದಿ ಒತ್ತಿದರು ಎಂದು ಅದರಲ್ಲಿ ಕಾಣುತ್ತದೆ. 'ಕೀವರ್ಡ್ಸ್' ಎಂಬ ಅಡಗಿಸಿದ ಜಾಗದಲ್ಲಿ ಪದಗಳನ್ನು ತುಂಬಿಕೊಡುತ್ತೇವೆ ಎಂದು ಈಗಲೂ ದರ ಹೇಳುವವರಿದ್ದಾರೆ. ಆ ಜಾಗವನ್ನು ಹುಡುಕಾಟದ ಸ್ಥಾನಕ್ಕೆ ತಾನು ಪರಿಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ಅದೇ ಪುಟವನ್ನು ಮೈಕ್ರೋಸಾಫ್ಟಿನ ಹುಡುಕಾಟದ ಯಂತ್ರವಾದ ಬಿಂಗ್‌ಗೂ ತಿಳಿಸಿ. ಸರ್ಚ್ ಕನ್ಸೋಲಿನಿಂದ ನೇರವಾಗಿ ಆಮದು ಮಾಡಿಕೊಳ್ಳುವ ಸೌಲಭ್ಯ ಅಲ್ಲಿದೆ, ಕೆಲವೇ ನಿಮಿಷದ ಕೆಲಸ.

ಜಾಹೀರಾತು ಮೂರನೆಯದು. ಫಲ ಅಂದೇ ಶುರು, ಹಣ ನಿಂತರೆ ಅಂದೇ ಬಂದ್. ದಿನಕ್ಕೆ 200 ರೂಪಾಯಿ ಎಂದು ನಿಗದಿ ಮಾಡಿದರೆ ಗೂಗಲ್ ಒಂದು ದಿನ 400ರವರೆಗೂ ಖರ್ಚು ಮಾಡಬಹುದು, ಆದರೆ ತಿಂಗಳ ಲೆಕ್ಕದಲ್ಲಿ 30.4 ದಿನದ ಮೊತ್ತವನ್ನು, ಅಂದರೆ 6,080 ರೂಪಾಯಿಯನ್ನು, ಮೀರುವುದಿಲ್ಲ. ಅದರ ಮೇಲೆ ಶೇ 18 ಜಿಎಸ್‌ಟಿ. ಹೊಸಬರ ಹಣ ಸೋರುವುದು ಎರಡು ಕಡೆ. ಒಂದು, ಸ್ಥಳದ ಆಯ್ಕೆ: ತಾನಾಗಿ ಬರುವ ಆಯ್ಕೆಯಲ್ಲಿ ಆ ಊರಿನಲ್ಲಿ ಇರುವವರ ಜೊತೆ ಆ ಊರಿನ ಬಗ್ಗೆ ಆಸಕ್ತಿ ತೋರಿದವರೂ ಸೇರಿರುತ್ತಾರೆ. ರಾಯಚೂರಿನ ದಂತವೈದ್ಯರಿಗೆ ಹೈದರಾಬಾದಿನ ಕ್ಲಿಕ್ ಏಕೆ? ಊರಿನ ಸುತ್ತ ವೃತ್ತ ಎಳೆಯುವಾಗಲೂ ನೋಡಿಕೊಳ್ಳಿ: ರಾಯಚೂರಿನ ವೃತ್ತ ಕೃಷ್ಣೆ ದಾಟಿ ತೆಲಂಗಾಣಕ್ಕೆ ಹೋಗುತ್ತದೆ, ಬಳ್ಳಾರಿಯದು ಆಂಧ್ರಕ್ಕೆ. ಆಸ್ಪತ್ರೆಗೆ, ಬಟ್ಟೆ ಅಂಗಡಿಗೆ ಅದು ಲಾಭವೇ, ಅಲ್ಲಿಂದ ಜನ ಬರುತ್ತಾರೆ. ಜಾಹೀರಾತು ಮಾತ್ರ ತೆಲುಗಿನಲ್ಲೂ ಇರಬೇಕು.

ಎರಡನೆಯ ಸೋರಿಕೆ ಪದಗಳಲ್ಲಿ. ಬಳ್ಳಾರಿ ಜೀನ್ಸ್ ಎಂಬ ಪದಕ್ಕೆ ಹಣ ಕಟ್ಟಿದ ಸಗಟು ಘಟಕ ವಾರದ ನಂತರ 'ಹುಡುಕಿದ ಪದಗಳ ವರದಿ' ತೆರೆದರೆ ಅಲ್ಲಿ ಏನಿರುತ್ತದೆ? ಜೀನ್ಸ್ ಕಾರ್ಖಾನೆಯಲ್ಲಿ ಕೆಲಸ ಬೇಕು, ಟೈಲರ್ ಕೆಲಸ, ಹಳೆಯ ಹೊಲಿಗೆ ಯಂತ್ರ ಮಾರಾಟಕ್ಕಿದೆ, ಒಂದೇ ಪ್ಯಾಂಟ್ ಬೆಲೆ ಎಷ್ಟು. ಇವರಾರೂ ನಿಮ್ಮ ಗ್ರಾಹಕರಲ್ಲ, ಆದರೂ ಪ್ರತಿಯೊಬ್ಬನ ಕ್ಲಿಕ್ಕಿಗೂ ಹಣ ಹೋಗಿದೆ. ಈ ಪದಗಳನ್ನು 'ಬೇಡದ ಪದ' ಎಂದು ಗುರುತು ಹಾಕುವ ಕೆಲಸ ವಾರಕ್ಕೊಮ್ಮೆ ಆಗಬೇಕು. ಅದಕ್ಕೆ ಪುರಸೊತ್ತಿಲ್ಲದವರು ಜಾಹೀರಾತಿಗೆ ಕೈ ಹಾಕದಿರುವುದು ಲೇಸು.

ನಾಲ್ಕನೆಯದು ಇಂಡಿಯಾಮಾರ್ಟ್, ಜಸ್ಟ್‌ಡಯಲ್‌ನಂಥ ತಾಣಗಳು, ಹೋಂಸ್ಟೇಗಳಿಗಾದರೆ ಬುಕಿಂಗ್ ತಾಣಗಳು. ಇಂಡಿಯಾಮಾರ್ಟ್, ಜಸ್ಟ್‌ಡಯಲ್ ಎರಡೂ 1996ರಿಂದ ಇವೆ, ಹುಡುಕಾಟದಲ್ಲಿ ಅವುಗಳ ಪುಟಗಳಿಗೆ ಗಟ್ಟಿ ಜಾಗವಿದೆ. ನಿಮ್ಮ ಹೊಸ ತಾಣ ತಲುಪಲು ಒಂದು ವರ್ಷ ಹಿಡಿಯುವ ಜಾಗದಲ್ಲಿ ಅವು ಈಗಾಗಲೇ ಕೂತಿವೆ. ಬೆಲೆಯೇನೆಂದರೆ, ಒಂದೇ ವಿಚಾರಣೆ ಹಲವು ಮಾರಾಟಗಾರರಿಗೆ ಹೋಗುತ್ತದೆ. ಮೊದಲು ಫೋನ್ ಮಾಡಿದವನಿಗೆ, ಕಡಿಮೆ ದರ ಹೇಳಿದವನಿಗೆ ಸರಕು ಹೋಗುತ್ತದೆ. ಗುಣಮಟ್ಟದ ಮೇಲೆ ಮಾರುವವರಿಗೆ ಈ ಪೈಪೋಟಿ ಹಿಡಿಸದು.

'ನುಡಿ' ಫಾಂಟಿನಲ್ಲಿ ಬರೆದದ್ದು ಗೂಗಲ್‌ಗೆ ಕಾಣದು

ದರಪಟ್ಟಿಯನ್ನು ಡಿಟಿಪಿ ಅಂಗಡಿಯಲ್ಲಿ ಮಾಡಿಸಿ, ಅದನ್ನೇ ವೆಬ್‌ಸೈಟಿಗೆ ಹಾಕುವವರು ಬಹಳ. ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ, ಯೂನಿಕೋಡ್ (ಎಲ್ಲ ಸಾಧನಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಬರೆದ ಕನ್ನಡ ಕಣ್ಣಿಗೆ ಮಾತ್ರ ಕನ್ನಡ. ಒಳಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ವೆಬ್‌ಸೈಟಿಗೆ ಅಂಟಿಸಿದರೆ ಅದೇ ರಾಶಿ ಕಾಣುತ್ತದೆ. ಇದನ್ನು ತಪ್ಪಿಸಲು ಚಿತ್ರವಾಗಿ ಹಾಕುತ್ತಾರೆ. ಆಗ ಓದುಗನಿಗೆ ಕಾಣುತ್ತದೆ, ಆದರೆ ಹುಡುಕಾಟಕ್ಕೆ ಅದು ಬರಹವಾಗಿ ಸಿಗುವ ಭರವಸೆಯಿಲ್ಲ. ಯೂನಿಕೋಡ್‌ಗೆ ಪರಿವರ್ತಿಸುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ, ಆಮೇಲೆ ಹಾಕಿ. ಮೊಬೈಲ್‌ನಲ್ಲಿ ನೇರವಾಗಿ ಟೈಪ್ ಮಾಡಿದ ಕನ್ನಡಕ್ಕೆ ಈ ತೊಂದರೆಯೇ ಇಲ್ಲ.

ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದಕ್ಕೆ ಉತ್ತರ ನಿಮ್ಮ ಗ್ರಾಹಕನಲ್ಲಿದೆ. ಸಗಟು ಖರೀದಿದಾರನಿಗೆ ಇಂಗ್ಲಿಷ್, ಹಿಂದಿ. ಕ್ಲಿನಿಕ್, ಟ್ಯೂಷನ್, ಬೀಜ ಗೊಬ್ಬರದ ಅಂಗಡಿಗೆ ಕನ್ನಡ. ಮೊಬೈಲಿಗೆ ಮಾತನಾಡಿ ಹುಡುಕುವ ರೈತ ಇಂಗ್ಲಿಷಿನಲ್ಲಿ ಕೇಳುವುದಿಲ್ಲ. ಕನ್ನಡದಲ್ಲಿ ಒಳ್ಳೆಯ ಪುಟಗಳು ಕಡಿಮೆಯಾದ್ದರಿಂದ ಪೈಪೋಟಿಯೂ ಕಡಿಮೆ. ಇದನ್ನು ನಮ್ಮವರು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ.

ಯಾರಿಗೆ ಯಾವುದು

ರಾಯಚೂರಿನ ಕ್ಲಿನಿಕ್, ಸಿಂಧನೂರಿನ ಕೋಚಿಂಗ್, ಕೊಪ್ಪಳದ ಟೈಲ್ಸ್ ಅಂಗಡಿ: ಮ್ಯಾಪಿನ ಪ್ರೊಫೈಲ್ ಮೊದಲು, ವಾಟ್ಸ್‌ಆ್ಯಪ್ ಜೊತೆಗೆ. ಖರ್ಚು ಸೊನ್ನೆ. ಆರು ತಿಂಗಳು ಅದನ್ನು ಸರಿಯಾಗಿ ನೋಡಿಕೊಂಡ ಮೇಲೂ ಜನ ಸಾಲದಿದ್ದರೆ ಊರಿನ ಮಟ್ಟಕ್ಕೆ ಸಣ್ಣ ಜಾಹೀರಾತು. ವೆಬ್‌ಸೈಟ್ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಡೊಮೇನ್ ಹೆಸರನ್ನು ಈಗಲೇ ಕೊಂಡಿಡಿ, ಬೇರೆಯವರು ಒಯ್ದಾರು.

ಬಳ್ಳಾರಿಯ ಜೀನ್ಸ್ ಘಟಕಕ್ಕೆ ಬೇಕಾದವನು ಸರಕಿನ ಹೆಸರು ಬರೆಯುವ ಹೊರಊರಿನ ಖರೀದಿದಾರ. ಇಪ್ಪತ್ತು ಸಾವಿರದಲ್ಲಿ ಸ್ವಂತ ಡೊಮೇನ್, ಹತ್ತಾರು ಪುಟದ ತಾಣ, ಹಗಲು ಬೆಳಕಿನಲ್ಲಿ ತೆಗೆದ ಒಳ್ಳೆಯ ಫೋಟೊ. ಬಟ್ಟೆಯ ತೂಕ, ಸೈಜ್ ಸೆಟ್, ವಾಷಿನ ಬಗೆ, ಕನಿಷ್ಠ ಎಷ್ಟು ಪೀಸ್, ಯಾವ ಟ್ರಾನ್ಸ್‌ಪೋರ್ಟ್, ಇವೆಲ್ಲ ಬರಹದಲ್ಲಿ ಇರಬೇಕು. ಸಗಟು ವ್ಯಾಪಾರಿ ಕೇಳುವುದೂ ಹುಡುಕುವುದೂ ಅದನ್ನೇ. ತಾಣಕ್ಕೆ ಹುಡುಕಾಟದಲ್ಲಿ ಜಾಗ ಸಿಗುವವರೆಗೆ ಇಂಡಿಯಾಮಾರ್ಟ್‌ನಂಥದ್ದರ ಉಚಿತ ಪಟ್ಟಿ. ಜಾಹೀರಾತು ಹಾಕುವುದಾದರೆ ವರ್ಷವಿಡೀ ಬೇಡ, ಅಂಗಡಿಗಳು ಹಬ್ಬಕ್ಕೆ ಸರಕು ತುಂಬಿಕೊಳ್ಳುವ ಮುಂಚಿನ ತಿಂಗಳು ಸಾಕು.

ಆನೆಗೊಂದಿಯ ಹೋಂಸ್ಟೇಗೆ ಬುಕಿಂಗ್ ತಾಣ ಬಿಟ್ಟು ಬದುಕಿಲ್ಲ, ಕಮಿಷನ್ನೂ ಬಿಡುವುದಿಲ್ಲ. ಆದರೆ ಅಲ್ಲಿ ನಿಮ್ಮನ್ನು ಕಂಡ ಅತಿಥಿ ಕೊಠಡಿ ಕಾದಿರಿಸುವ ಮುನ್ನ ನಿಮ್ಮ ಹೆಸರನ್ನು ಗೂಗಲ್‌ನಲ್ಲಿ ಹಾಕಿ ನೋಡುವುದು ರೂಢಿ. ಆ ಕ್ಷಣ ಪ್ರೊಫೈಲ್ ಮತ್ತು ಒಂದು ಪುಟದ ತಾಣ, ಅದರಲ್ಲಿ ಫೋನ್ ನಂಬರ್ ಇದ್ದರೆ ನೇರ ಕರೆ ಬರುತ್ತದೆ. ಇದಕ್ಕೆ ಡೊಮೇನಿನ ಸಾವಿರ ರೂಪಾಯಿ ಸಾಕು. ಬ್ಲಾಗರ್‌ನಲ್ಲಿ ಪುಟ ಮಾಡಿ ಸ್ವಂತ ಡೊಮೇನ್ ಜೋಡಿಸಿದರೆ ಹೋಸ್ಟಿಂಗ್, ಅಂದರೆ ಪುಟಗಳನ್ನು ಇಡುವ ಜಾಗದ, ಬಾಡಿಗೆಯಿಲ್ಲ.

ಕಿನ್ನಾಳದ ಗೊಂಬೆ ಕಲಾವಿದರಿಗೆ ಜಾಹೀರಾತು ಬೇಡ. ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಹುಡುಕುವವರು ಹೆಸರಿನಿಂದಲೇ ಹುಡುಕುತ್ತಾರೆ. ಆದರೆ ಅವರಿಗೆ ಸಿಗುವುದು ಹೆಚ್ಚಾಗಿ ಕಲೆಯ ಪರಿಚಯ ಲೇಖನ, ಕೊಳ್ಳುವ ದಾರಿಯಲ್ಲ. ಕುಟುಂಬದ ಹೆಸರಿನ ಡೊಮೇನ್, ಗೊಂಬೆಯ ಅಳತೆ, ಬೆಲೆ, ಒಡೆಯದಂತೆ ಕಳಿಸುವ ವಿಧಾನ, ಎಷ್ಟು ದಿನಕ್ಕೆ ತಲುಪುತ್ತದೆ, ಇಷ್ಟಿದ್ದರೆ ಆ ಖಾಲಿ ಜಾಗ ತುಂಬುತ್ತದೆ. 2024ರಿಂದ ಭಾರತದಲ್ಲೂ ಗೂಗಲ್ ಹುಡುಕಾಟದ ಮೇಲ್ಭಾಗದಲ್ಲಿ ಎಐ ಬರೆದ ಸಾರಾಂಶ ಕೊಡುತ್ತಿದೆ. 'ಕಿನ್ನಾಳ ಕಲೆ ಎಂದರೇನು' ಎಂಬುದಕ್ಕೆ ಅದೇ ಉತ್ತರ ಕೊಟ್ಟುಬಿಡುತ್ತದೆ. ದಶಾವತಾರದ ಸೆಟ್ಟಿನ ಬೆಲೆಗೆ ಜನ ನಿಮ್ಮ ಪುಟಕ್ಕೇ ಬರಬೇಕು.

ಗಂಗಾವತಿ, ಕಾರಟಗಿಯ ಅಕ್ಕಿ ಮಿಲ್ಲಿನವರಿಗೆ ನನ್ನ ಮಾತು ರುಚಿಸಲಿಕ್ಕಿಲ್ಲ. ಲೋಡ್‌ಗಟ್ಟಲೆ ಅಕ್ಕಿ ದಲ್ಲಾಳಿಯ ಫೋನಿನಲ್ಲಿ ಮಾರಾಟವಾಗುತ್ತದೆ, ಗೂಗಲ್‌ನಲ್ಲಿ ಅಲ್ಲ. ಹುಡುಕಾಟಕ್ಕೆ ಹಣ ಹಾಕುವ ಅಗತ್ಯವಿಲ್ಲ. ಡೊಮೇನ್ ಮತ್ತು ಅದರ ಹೆಸರಿನ ಇಮೇಲ್ ಸಾಕು, ಹೊಸ ಪಾರ್ಟಿಗೆ ದರಪಟ್ಟಿ ಕಳಿಸಿದಾಗ ತೂಕ ಬರುತ್ತದೆ. ಸ್ವಂತ ಬ್ರ್ಯಾಂಡಿನ ಚೀಲದಲ್ಲಿ ಮನೆಮನೆಗೆ ಮಾರುವವರಾದರೆ ಲೆಕ್ಕ ಬೇರೆ.

ಕೊಳ್ಳುವ ದಿನ

ಯಾವ ದಾರಿ ಹಿಡಿದರೂ ನೋಂದಣಿಯ ನಮೂನೆಯಲ್ಲಿ ಮಾಲೀಕರ ಜಾಗಕ್ಕೆ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನ್ ಹೋಗಬೇಕು. ವೆಬ್‌ಸೈಟ್ ಮಾಡಿಕೊಡುವ ಹುಡುಗನ ಇಮೇಲ್ ಹಾಕಿದರೆ ಕಾಗದದ ಮೇಲೆ ಡೊಮೇನ್ ಅವನದು. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ನವೀಕರಣದ ಸೂಚನೆ ಯಾರೂ ನೋಡದ ಪೆಟ್ಟಿಗೆಗೆ ಬೀಳುತ್ತದೆ. ಮೂರೋ ಐದೋ ವರ್ಷಕ್ಕೆ ಒಟ್ಟಿಗೆ ಕಟ್ಟಿ. ಹತ್ತು ವರ್ಷದವರೆಗೂ ಅವಕಾಶವಿದೆ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುತ್ತದೆ ಎಂದು ನೆಚ್ಚಿ ಕೂರಬೇಡಿ, ಕಾರ್ಡ್ ಬದಲಾದರೆ ಅದು ಸದ್ದಿಲ್ಲದೆ ನಿಲ್ಲುತ್ತದೆ. ಅವಧಿ ಮುಗಿದ ಡಾಟ್ ಕಾಂ ಸ್ವಲ್ಪ ದಿನ ಹಳೆಯ ದರದಲ್ಲಿ ಸಿಗಬಹುದು, ಆಮೇಲೆ ಮೂವತ್ತು ದಿನ ದಂಡದ ದರದಲ್ಲಿ, ಅದೂ ದಾಟಿದರೆ ಯಾರು ಬೇಕಾದರೂ ಕೊಳ್ಳಬಹುದು.

ಮ್ಯಾಪಿನ ಪ್ರೊಫೈಲಿನಲ್ಲೂ ಮಾಲೀಕ, ನಿರ್ವಾಹಕ ಎಂಬ ಎರಡು ಬಗೆಯ ಅಧಿಕಾರವಿದೆ. ಮಾಲೀಕ ನೀವಾಗಿರಿ, ಕೆಲಸ ಮಾಡಿಕೊಡುವವರನ್ನು ನಿರ್ವಾಹಕರಾಗಿ ಸೇರಿಸಿ, ಪಾಸ್‌ವರ್ಡ್ ಕೊಡಬೇಡಿ. ಕೆಲಸ ಮುಗಿದ ದಿನ ಆ ಹೆಸರನ್ನು ತೆಗೆಯಲು ಒಂದೇ ಒತ್ತು ಸಾಕಾಗುತ್ತದೆ.